ದೊಡ್ಡ ಎಸ್‌ಯುವಿಯ ಹಿಂದಿನ ಗ್ಲಾಸ್ ನಾವೇ ಕೂರಿಸುವುದು: ಕಲಬುರಗಿ ಬಿಸಿಲಲ್ಲಿ ಕಲಿತ ಕೆಲಸ

ಏಪ್ರಿಲ್ ಕೊನೆಯ ವಾರ. ಜೇವರ್ಗಿ ಕಡೆಯ ಹೊಲಕ್ಕೆ ಹೊರಟಿದ್ದೆವು. ಬೋರ್‌ವೆಲ್‌ಗೆ ಬೇಕಿದ್ದ ಜಿಐ ಪೈಪಿನ ತುಂಡುಗಳನ್ನು ಡಿಕ್ಕಿಗೆ ತುಂಬಿದ್ದೆವು. ಕೊನೆಯ ಸೀಟು ಮಡಚಿ, "ಹಿಡೀತದ ಬಿಡು" ಅಂತ ಡಿಕ್ಕಿ ಬಾಗಿಲನ್ನು ನಾನೇ ಎಳೆದು ಬಡಿದೆ. ಹಿಡಿಯಲಿಲ್ಲ. ಒಂದು ಪೈಪು ಎರಡು ಬೆರಳಷ್ಟು ಹೊರಗೆ ಉಳಿದಿತ್ತು. ಪಟಾಕಿ ಹೊಡೆದಂಥ ಒಂದು ಸದ್ದು. ಆಮೇಲೆ ಜೋಳದ ಚೀಲ ಹರಿದ ಹಾಗೆ ಚೂರು ಉದುರುವ ಸದ್ದು. ತಮ್ಮ ಏನೂ ಮಾತಾಡಲಿಲ್ಲ. ಅದೇ ಹೆಚ್ಚು ನೋವಾಯಿತು.

ಆ ಗ್ಲಾಸನ್ನು ನಾವಿಬ್ಬರೇ ಮನೆ ಮುಂದೆ ಬದಲಾಯಿಸಿದೆವು. ಗ್ಲಾಸ್ ಎತ್ತಿ ಕೂರಿಸುವುದು ಹತ್ತು ನಿಮಿಷದ ಕೆಲಸ. ಅದಕ್ಕೂ ಮೊದಲು ಚೂರು ಬಾಚಿ, ಹಳೆ ಅಂಟು ಕೆತ್ತಿ, ಒರೆಸಿ, ಹೊಸ ಅಂಟು ಹಿಡಿಯಲು ಪ್ರೈಮರ್ ಹಚ್ಚುವುದಕ್ಕೆ ಒಂದೂವರೆ ದಿನ ಹೋಯಿತು. ಗ್ಲಾಸ್ ಸೋರುತ್ತದೋ ಇಲ್ಲವೋ ಅನ್ನುವುದು ಆ ಒಂದೂವರೆ ದಿನದಲ್ಲೇ ತೀರ್ಮಾನವಾಗುತ್ತದೆ. ಹಾಗಾಗಿ ಇಲ್ಲೂ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಗ್ಲಾಸಿಗೆ ಕೈ ಹಾಕಬೇಡಿ. ಅದು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವ ಲ್ಯಾಮಿನೇಟೆಡ್ ಗ್ಲಾಸ್. ಗಾಡಿಯ ಚೌಕಟ್ಟಿಗೆ ಅದೂ ಬಲ ಕೊಡುತ್ತದೆ. ಎಷ್ಟೋ ಗಾಡಿಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಆ ಗ್ಲಾಸಿಗೇ ಒರಗಿ ನಿಲ್ಲುತ್ತದೆ. ಅದು ಕಸಬುದಾರರ ಕೆಲಸ. ಹಿಂದಿನದು ಸಾಮಾನ್ಯವಾಗಿ ಟಫನ್ಡ್ ಗ್ಲಾಸ್. ಗಾಜನ್ನು ಕಾಯಿಸಿ ಒಮ್ಮೆಲೇ ಗಾಳಿ ಹಾಯಿಸಿ ತಣಿಸಿರುತ್ತಾರೆ. ಹೊರಮೈ ಬಿಗಿಯಾಗಿ ಒತ್ತಿಕೊಂಡಿರುತ್ತದೆ, ಒಳಗೆ ಎಳೆತ ಇರುತ್ತದೆ. ಒಂದು ಕಡೆ ಆ ಬಿಗಿ ಮುರಿದರೆ ಸಾಕು, ಇಡೀ ಗ್ಲಾಸ್ ಕಲ್ಲುಸಕ್ಕರೆಯಂಥ ಚೂರಾಗಿ ಬೀಳುತ್ತದೆ. ಬಿರುಕು ಬಿಟ್ಟು ನಿಲ್ಲುವ ಮಾತೇ ಇಲ್ಲ.

ಒಡೆದ ಮೊದಲ ಗಂಟೆ

ಮೊದಲು ಫೋಟೋ. ಒಳಗಿಂದ, ಹೊರಗಿಂದ, ನಂಬರ್ ಪ್ಲೇಟ್ ಸೇರುವ ಹಾಗೆ. ಇನ್ಶೂರೆನ್ಸ್ ಕೇಳುತ್ತೀರೋ ಇಲ್ಲವೋ ಆಮೇಲೆ ನೋಡೋಣ. ಬಾಚಿದ ಮೇಲೆ ಫೋಟೋ ಸಿಗುವುದಿಲ್ಲ, ಅಲ್ವಾ?

ದಪ್ಪ ಗ್ಲೌಸ್, ಕನ್ನಡಕ, ತುಂಬು ತೋಳಿನ ಅಂಗಿ, ಶೂ. ಚಪ್ಪಲಿಯಲ್ಲಿ ಈ ಕೆಲಸ ಬೇಡ. ಚೌಕಟ್ಟಿನ ಅಂಚಿನಲ್ಲಿ ಇನ್ನೂ ಹಲ್ಲಿನ ಹಾಗೆ ಚೂರು ನಿಂತಿರುತ್ತವೆ. ಒಳಗೆ ಹಳೆ ಚಾದರ ಹಾಸಿ, ಅವನ್ನು ಒಳಗಡೆಗೇ ಮೆಲ್ಲಗೆ ತಟ್ಟಿ ಬೀಳಿಸಿ. ಹೊರಗೆ ಬೀಳಿಸಿದರೆ ಬಂಪರ್ ಮೇಲೆ ಉರುಳಿ ಪೇಂಟ್ ಗೀಚುತ್ತವೆ.

ಬಾಚುವಾಗ ಸುಲಭದ ಜಾಗಗಳನ್ನು ಎಲ್ಲರೂ ಬಾಚುತ್ತಾರೆ. ಚೂರು ಅಡಗುವುದು ಬೇರೆ ಕಡೆ. ಸೀಟಿನ ಹಳಿಗಳಲ್ಲಿ, ಸೀಟ್‌ಬೆಲ್ಟ್ ಕಚ್ಚುವ ಬಾಯಿಯಲ್ಲಿ, ಜಾಕಿ ಇಡುವ ಗೂಡಿನಲ್ಲಿ, ಡಿಕ್ಕಿ ಲಾಕಿನ ಒಳಗೆ. ಎಲ್ಲಕ್ಕಿಂತ ಮುಖ್ಯ ಡಿಕ್ಕಿ ಬಾಗಿಲಿನ ಹೊಟ್ಟೆ. ಬಾಗಿಲು ಮೇಲೆತ್ತಿ ಇಳಿಸಿದಾಗ ಒಳಗೆ ಗಲಗಲ ಅಂದರೆ ಚೂರು ಅಲ್ಲಿದೆ ಅಂತ ಅರ್ಥ. ಬಾಗಿಲಿನ ಕೆಳಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಚೂರು ಅಲ್ಲಿ ಕೂತರೆ ನೀರು ನಿಲ್ಲುತ್ತದೆ, ಒಳಗಿಂದ ತುಕ್ಕು ಹಿಡಿಯುತ್ತದೆ. ಒಳ ಪ್ಯಾನೆಲ್ ಹೇಗೂ ಬಿಚ್ಚುತ್ತೇವೆ. ಆಗ ವ್ಯಾಕ್ಯೂಮ್ ಪೈಪ್ ತೂರಿಸಿ ಎಳೆಯಿರಿ. ಚೂರನ್ನು ಕಸದ ಗಾಡಿಗೆ ಹಾಗೇ ಸುರಿಯಬೇಡಿ. ಹಳೆ ಪೇಂಟ್ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, "ಇದರಾಗ ಗಾಜ್ ಅದಾವರಿ" ಅಂತ ಬಾಯಿ ಬಿಟ್ಟು ಹೇಳಿ ಕೊಡಿ. ಚೀಲ ಎತ್ತುವವರ ಕೈಯೂ ಕೈಯೇ.

ಹೊಸ ಗ್ಲಾಸ್ ಬರುವವರೆಗೆ ದಪ್ಪ ಪಾಲಿಥಿನ್ ಶೀಟ್ ಕಟ್ಟಿ. ಬ್ರೌನ್ ಟೇಪನ್ನು ಪೇಂಟ್ ಮೇಲೆ ನೇರವಾಗಿ ಹಚ್ಚಬೇಡಿ. ನಮ್ಮ ಬಿಸಿಲಿಗೆ ಒಂದೇ ದಿನದಲ್ಲಿ ಅದರ ಅಂಟು ಕರಗಿ ಬಾಡಿಗೆ ಮೆತ್ತಿಕೊಳ್ಳುತ್ತದೆ. ಕೆಳಗೆ ಮಾಸ್ಕಿಂಗ್ ಟೇಪ್, ಅದರ ಮೇಲೆ ಬ್ರೌನ್ ಟೇಪ್. ಹಿಂದೆ ತೆರೆದುಕೊಂಡ ಗಾಡಿಯನ್ನು ಹಾಗೇ ಓಡಿಸಬೇಡಿ. ಗಾಡಿ ಓಡುವಾಗ ಹಿಂದೆ ಗಾಳಿ ಸುಳಿ ಎದ್ದು ಸೈಲೆನ್ಸರ್ ಹೊಗೆಯನ್ನು ಒಳಕ್ಕೆ ಎಳೆಯುತ್ತದೆ. ತಲೆನೋವು ಬಂದಾಗ ಬಿಸಿಲಿನದು ಅಂದುಕೊಳ್ಳುತ್ತೇವೆ, ಅದು ಹೊಗೆ.

ಇನ್ಶೂರೆನ್ಸೋ, ಕೈಯಿಂದಲೋ

ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಿ. ಗ್ಲಾಸಿಗೆ ಒಂದು ರೂಪಾಯಿಯೂ ಬರುವುದಿಲ್ಲ.

ಪೂರ್ತಿ ಪಾಲಿಸಿ ಇದ್ದರೆ ಲೆಕ್ಕ ಹೀಗೆ. ಗಾಜಿನ ಭಾಗಕ್ಕೆ ಸವಕಳಿ ಕಡಿತ ಇಲ್ಲ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಕಡಿತ, ಜೀರೋ ಡೆಪ್ (ಸವಕಳಿ ಕಡಿಯದ ಆಡ್‌ಆನ್) ಇಲ್ಲದಿದ್ದರೆ. 1500 ಸಿಸಿ ಮೀರಿದ ಗಾಡಿಗೆ ಕಡ್ಡಾಯವಾಗಿ ನಾವು ಹೊರಬೇಕಾದ ಪಾಲು ಸಾಮಾನ್ಯವಾಗಿ 2000 ರೂಪಾಯಿ. ಇಷ್ಟು ಕೇಳಿದರೆ ಕ್ಲೇಮ್ ಮಾಡುವುದೇ ಲಾಭ ಅನಿಸುತ್ತದೆ. ಆದರೆ ನೋ ಕ್ಲೇಮ್ ಬೋನಸ್ ಅನ್ನೋದೊಂದಿದೆ. ಅದು 20 ಪರ್ಸೆಂಟಿನಿಂದ ಶುರುವಾಗಿ ಐದು ವರ್ಷಕ್ಕೆ 50 ಪರ್ಸೆಂಟ್ ಮುಟ್ಟುತ್ತದೆ. ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆ. ಗಾಡಿಯ ಸ್ವಂತ ಹಾನಿಯ ಪ್ರೀಮಿಯಂ ಬೋನಸ್ ಇಲ್ಲದೆ 12,000 ಅಂದುಕೊಳ್ಳಿ. ನಿಮಗೆ 50 ಪರ್ಸೆಂಟ್ ಸಿಗುತ್ತಿದ್ದರೆ ಮುಂದಿನ ವರ್ಷವೇ 6,000 ಕೈಬಿಟ್ಟಂತೆ, ಮತ್ತೆ ಮೇಲೇರಲು ವರ್ಷಗಳು ಬೇಕು. ಬೋನಸ್ ಉಳಿಸುವ ಆಡ್‌ಆನ್ ತೆಗೆದುಕೊಂಡಿದ್ದರೆ ಮಾತು ಬೇರೆ. ಪಾಲಿಸಿ ಕಾಗದ ತೆಗೆದು ಓದಿ. ಕ್ಲೇಮ್ ಮಾಡುವುದಾದರೆ ಸರ್ವೇಯರ್ ನೋಡುವ ಮೊದಲು ಏನೂ ಬಿಚ್ಚಬೇಡಿ. ನಾವು ಲೆಕ್ಕ ಹಾಕಿ ಕೈಯಿಂದಲೇ ಹಾಕಿದೆವು.

ಗ್ಲಾಸ್ ತರುವುದು

ಅಂಗಡಿಗೆ ಗಾಡಿಯ ಹೆಸರು ಹೇಳಿದರೆ ಸಾಲದು. ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿ ನಂಬರ್ ಕೊಡಿ. ಒಂದೇ ಗಾಡಿಯಲ್ಲೂ ಮೂರು ನಾಲ್ಕು ತರದ ಗ್ಲಾಸ್ ಇರುತ್ತದೆ. ಡಿಫಾಗರ್, ಅಂದರೆ ಮಂಜು ಕರಗಿಸುವ ಕರೆಂಟಿನ ಗೆರೆ ಇರುವುದು, ಇಲ್ಲದ್ದು. ವೈಪರ್ ತೂತು ಇರುವುದು, ಇಲ್ಲದ್ದು. ರೇಡಿಯೋ ಆಂಟೆನಾ ಗೆರೆ ಇರುವುದು. ತಿಳಿಹಸಿರು ಬಣ್ಣದ್ದು. ತೂತಿಲ್ಲದ ಗ್ಲಾಸ್ ಬಂದರೆ "ಇಲ್ಲೇ ಕೊರೆದು ಕೊಡ್ತೀನ್ರಿ" ಅನ್ನುವವರೂ ಇದ್ದಾರೆ. ಟಫನ್ಡ್ ಗ್ಲಾಸನ್ನು ಆಮೇಲೆ ಕೊರೆಯಲು ಬರುವುದಿಲ್ಲ, ಕತ್ತರಿಸಲೂ ಬರುವುದಿಲ್ಲ. ಡ್ರಿಲ್ ಮುಟ್ಟಿದ ಕ್ಷಣ ಚೂರು. ತೂತು, ಅಂಚು, ಎಲ್ಲ ಬಿಸಿ ಮಾಡುವ ಮೊದಲೇ ಫ್ಯಾಕ್ಟರಿಯಲ್ಲಿ ಆಗಿರಬೇಕು.

ಗ್ಲಾಸಿನ ಮೂಲೆಯಲ್ಲಿ ಮುದ್ರೆ ನೋಡಿ. ಕಂಪನಿ ಹೆಸರು, ಐಎಸ್‌ಐ ಗುರುತು, ಐಎಸ್ 2553 ಅನ್ನುವ ಸಂಖ್ಯೆ. ಸೇಂಟ್ ಗೋಬೇನ್, ಎಐಎಸ್ ಇಂಥ ಹೆಸರುಗಳು ನಮ್ಮ ಕಡೆ ಸಿಗುತ್ತವೆ. ಮುದ್ರೆಯೇ ಇಲ್ಲದ ಗ್ಲಾಸ್ ಅರ್ಧ ಬೆಲೆಗೆ ಸಿಕ್ಕರೂ ಬೇಡ. ಗುಜರಿಯಲ್ಲಿ ಬಿಚ್ಚಿದ ಗ್ಲಾಸೂ ಬೇಡ ಅನ್ನುವುದು ನನ್ನ ಮಾತು. ಅಂಟಿಸಿದ ಗ್ಲಾಸ್ ಬಿಡಿಸುವಾಗ ಅಂಚಿಗೆ ಕಣ್ಣಿಗೆ ಕಾಣದ ಪೆಟ್ಟು ಬಿದ್ದಿರುತ್ತದೆ. ಟಫನ್ಡ್ ಗ್ಲಾಸಿನ ಜೀವ ಅಂಚಿನಲ್ಲೇ ಇದೆ. ನಡುಮಧ್ಯಕ್ಕೆ ಗುದ್ದಿದರೂ ತಡೆಯುತ್ತದೆ, ಅಂಚಿಗೆ ಸಣ್ಣ ಕಲ್ಲು ತಾಗಿದರೆ ಹೋಯಿತು.

ಕಲಬುರಗಿಯಲ್ಲಿ ಎಲ್ಲ ಮಾಡೆಲ್ಲಿನ ಹಿಂದಿನ ಗ್ಲಾಸ್ ಇಟ್ಟಿರುವುದಿಲ್ಲ. ಹೈದರಾಬಾದ್ ಅಥವಾ ಸೊಲ್ಲಾಪುರದಿಂದ ತರಿಸುತ್ತಾರೆ. ಬರುವ ಗ್ಲಾಸನ್ನು ನಿಲ್ಲಿಸಿಯೇ ತರಬೇಕು, ಮಲಗಿಸಬಾರದು. ಕೆಳಗೆ ಥರ್ಮೋಕೋಲ್ ಇರಲಿ. ನಮ್ಮದು ಬಂದಾಗ ದುಡ್ಡು ಕೊಡುವ ಮೊದಲು ಅಂಗಡಿ ಮುಂದೆಯೇ ಬಿಚ್ಚಿ ಸುತ್ತಲೂ ಬೆರಳಾಡಿಸಿ ನೋಡಿದೆ. ಅಂಗಡಿಯವರಿಗೆ ಸ್ವಲ್ಪ ಬೇಜಾರಾಯಿತು. ಆಗಲಿ. ಡಿಫಾಗರಿನ ಎರಡು ತಗಡಿನ ಕಿವಿಗಳು ಗಟ್ಟಿಯಾಗಿವೆಯಾ ಅಂತಲೂ ನೋಡಿ.

ಸಾಮಾನು, ಮುಖ್ಯವಾಗಿ ಅಂಟು

ಇಲ್ಲಿ ಒಂದು ಕತೆ. ಒಂದು ಅಂಗಡಿಯಲ್ಲಿ ಪಿಯು ಸೀಲೆಂಟ್, ಅಂದರೆ ಗಾಡಿ ಗ್ಲಾಸ್ ಕೂರಿಸುವ ಅಂಟು ಕೇಳಿದೆ. "ಅದ್ಯಾಕ್ರಿ ಸರ್, ಸಿಲಿಕಾನ್ ಹಚ್ರಿ, ಏನೂ ಆಗಂಗಿಲ್ಲ" ಅಂತ ಬಾತ್ರೂಮಿಗೆ ಹಾಕುವ ಟ್ಯೂಬ್ ಕೈಗಿಟ್ಟರು. ಅದನ್ನೇ ಹಿಡಿದು ನಮ್ಮ ಓಣಿಯ ಹಳೆ ಬಾಡಿ ಮಿಸ್ತ್ರಿ ಹತ್ತಿರ ಹೋದೆ. "ಕಾಕಾ, ಇದು ನಡೀತದೇನ್ರಿ?" ಅವರು ಟ್ಯೂಬ್ ತಿರುಗಿಸಿ ನೋಡಿ, "ಮೀನಿನ ತೊಟ್ಟಿಗಿ ನಡೀತದಪ್ಪಾ, ಗಾಡಿಗಿ ನಡಿಯಂಗಿಲ್ಲ" ಅಂದರು.

ಯಾಕೆ ಅಂದರೆ, ಹುಳಿ ವಾಸನೆ ಬರುವ ಸಿಲಿಕಾನ್ ಒಣಗುವಾಗ ವಿನೆಗರಿನ ಆಮ್ಲ ಬಿಡುತ್ತದೆ. ತೆರೆದ ತಗಡಿಗೆ ಅದು ತುಕ್ಕು ತರುತ್ತದೆ. ಗ್ಲಾಸಿನ ಭಾರವನ್ನೂ ಗಾಡಿಯ ಅಲುಗಾಟವನ್ನೂ ಹಿಡಿಯುವ ಬಲ ಅದಕ್ಕಿಲ್ಲ. ಇನ್ನೊಂದು ತೊಂದರೆ ಮುಂದಿನ ಸಲಕ್ಕೆ. ಸಿಲಿಕಾನ್ ಮೆತ್ತಿದ ಜಾಗಕ್ಕೆ ಆಮೇಲೆ ಪಿಯು ಅಂಟುವುದೇ ಇಲ್ಲ. ಎಷ್ಟು ಒರೆಸಿದರೂ ಅದರ ಜಿಡ್ಡು ಉಳಿಯುತ್ತದೆ.

ಬೇಕಾದದ್ದು ಗಾಡಿ ಗ್ಲಾಸಿಗೆಂದೇ ಮಾಡಿದ ಪಾಲಿಯುರೆಥೇನ್, ಅಂದರೆ ಪಿಯು. ಎಷ್ಟು ಬೇಕು? ಅಂಟಿನ ಗೆರೆ ತ್ರಿಕೋನದ ಆಕಾರ, 8 ಮಿ.ಮೀ. ಅಗಲ, 12 ಮಿ.ಮೀ. ಎತ್ತರ. ಅಂದರೆ ಅಡ್ಡಕೊಯ್ತ 48 ಚದರ ಮಿ.ಮೀ. ನಮ್ಮ ಗ್ಲಾಸಿನ ಸುತ್ತಳತೆ ಸುಮಾರು ಮೂರೂವರೆ ಮೀಟರ್. ಗುಣಿಸಿದರೆ ಹತ್ತಿರ ಹತ್ತಿರ 170 ಮಿ.ಲೀ. 310 ಮಿ.ಲೀ. ಕಾರ್ಟ್ರಿಜ್ ಒಂದೇ ಸಾಕು. ಆದರೂ ಎರಡು ತನ್ನಿ. ಅರ್ಧಕ್ಕೆ ಅಂಟು ಮುಗಿದರೆ ಅಂಗಡಿಗೆ ಓಡುವಷ್ಟು ಸಮಯ ಇರುವುದಿಲ್ಲ. ಕಾರ್ಟ್ರಿಜ್ ಮೇಲಿನ ತಾರೀಖು ಓದಿ. ಒತ್ತಿ ನೋಡಿದಾಗ ಕಲ್ಲಿನ ಹಾಗೆ ಗಟ್ಟಿ ಇದ್ದರೆ ವಾಪಸ್ ಕೊಡಿ. ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿ ಇಟ್ಟ ಪಿಯು ತಾರೀಖಿಗೆ ಮೊದಲೇ ಹಾಳಾಗುತ್ತದೆ.

ಅದರ ಜೊತೆ ಅದೇ ಕಂಪನಿಯ ಪ್ರೈಮರ್ ತನ್ನಿ. ಬೇರೆ ಬೇರೆ ಕಂಪನಿ ಬೆರೆಸಬೇಡಿ. ಉಳಿದದ್ದು ಸಣ್ಣ ಸಾಮಾನು: ಅಂಟಿನ ಗನ್, ಹೊಸ ಕಟರ್ ಬ್ಲೇಡುಗಳು ಒಂದು ಪ್ಯಾಕೆಟ್, ಗ್ಲಾಸ್ ಎತ್ತುವ ಎರಡು ಸಕ್ಷನ್ ಕಪ್, ಐಸೋಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ, ಮಾಸ್ಕಿಂಗ್ ಟೇಪ್, ನೈಟ್ರೈಲ್ ಗ್ಲೌಸ್, ಗ್ಲಾಸಿನ ಅಂಚಿಗೆ ಹೊಸ ಮೋಲ್ಡಿಂಗ್ ರಬ್ಬರ್, ಒಳ ಪ್ಯಾನೆಲ್ ಹಿಡಿಯುವ ಟ್ರಿಮ್ ಕ್ಲಿಪ್ ಒಂದು ಡಜನ್. ಕ್ಲಿಪ್ ಬೇಡ ಅನಿಸಬಹುದು. ನಮ್ಮ ಊರಲ್ಲಿ ಏಳೆಂಟು ಬೇಸಿಗೆ ಕಂಡ ನೈಲಾನ್ ಕ್ಲಿಪ್ ಹಪ್ಪಳದ ಹಾಗೆ ಮುರಿಯುತ್ತದೆ. ಹನ್ನೊಂದರಲ್ಲಿ ನಮಗೆ ಉಳಿದದ್ದು ನಾಲ್ಕು.

ಬಿಚ್ಚುವುದು

ಮೊದಲು ಡಿಕ್ಕಿ ಬಾಗಿಲು ತೆರೆದಿಟ್ಟು, ಪಕ್ಕದ ಗ್ಲಾಸ್ ಇಳಿಸಿ, ಆಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಈ ಕ್ರಮ ತಪ್ಪಬೇಡಿ. ಎಲೆಕ್ಟ್ರಿಕ್ ಲಾಕ್ ಇರುವ ಡಿಕ್ಕಿ ಬ್ಯಾಟರಿ ಇಲ್ಲದೆ ತೆರೆಯುವುದಿಲ್ಲ.

ಹಿಂದಿನ ವೈಪರ್ ಆರ್ಮ್ ಬುಡದ ಮುಚ್ಚಳ ಎತ್ತಿದರೆ ನಟ್ ಕಾಣುತ್ತದೆ. ನಟ್ ಸುಲಭವಾಗಿ ಬರುತ್ತದೆ, ಆರ್ಮ್ ಬರುವುದಿಲ್ಲ. ಹಲ್ಲುಗಳಲ್ಲಿ ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಚಹಾ ಕುಡಿದು ಬಂದು, ಆ ಕಡೆ ಈ ಕಡೆ ಅಲುಗಾಡಿಸಿ ಎಳೆಯಿರಿ. ಸುತ್ತಿಗೆ ಬೇಡ, ಒಳಗಿನ ಮೋಟರಿನ ಗೇರು ಪ್ಲಾಸ್ಟಿಕ್ಕಿನದಿರುತ್ತದೆ. ಬಿಚ್ಚುವ ಮೊದಲು ಆರ್ಮ್ ಎಲ್ಲಿ ನಿಂತಿತ್ತು ಅಂತ ಫೋಟೋ ಇರಲಿ.

ಒಳಗಿನ ಪ್ಯಾನೆಲ್ ಬಿಚ್ಚಲು ಮೊದಲು ಸ್ಕ್ರೂ ಹುಡುಕಿ. ಹಿಡಿಕೆಯ ಒಳಗೆ ಒಂದೆರಡು ಅಡಗಿರುತ್ತವೆ. ಆಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಕ್ಲಿಪ್ ಇರುವ ಜಾಗದಲ್ಲೇ ಎಬ್ಬಿ. ಸ್ಕ್ರೂಡ್ರೈವರ್ ತೂರಿಸಿದರೆ ಪೇಂಟ್ ಗೀಚುತ್ತದೆ. ಡಿಫಾಗರಿನ ಎರಡು ವೈರ್, ಬ್ರೇಕ್ ಲೈಟಿನ ಪ್ಲಗ್, ವಾಷರ್ ನೀರಿನ ಪೈಪು ಬಿಡಿಸಿ. ಕೆಲವು ಗಾಡಿಗಳಲ್ಲಿ ಗ್ಲಾಸಿನ ಮೇಲಂಚು ಸ್ಪಾಯ್ಲರ್ ಕೆಳಗೆ ಹೋಗಿರುತ್ತದೆ. ಅಲ್ಲಿ ಸ್ಪಾಯ್ಲರೂ ಬಿಚ್ಚಬೇಕು. ಬಿಚ್ಚಿದ ಸ್ಕ್ರೂಗಳನ್ನು ಮೊಟ್ಟೆ ಟ್ರೇಯಲ್ಲಿ ಒಂದೊಂದು ಗುಂಡಿಗೆ ಹಾಕಿಟ್ಟೆವು. ಬುದ್ಧಿ ತಮ್ಮನದು.

ನಿಮ್ಮದು ಹಳೆ ಜೀಪಿನ ತರದ ಗಾಡಿಯಾಗಿ, ಗ್ಲಾಸ್ ಸುತ್ತ ದಪ್ಪ ರಬ್ಬರ್ ಬೀಡಿಂಗ್ ಇದ್ದರೆ ಅಂಟಿನ ಈ ಸಂಸಾರ ಏನೂ ಇಲ್ಲ. ಹೊಸ ಬೀಡಿಂಗನ್ನು ಗ್ಲಾಸಿಗೆ ಸುತ್ತಿ, ಅದರ ಹೊರಗಿನ ಸಂದಿಯಲ್ಲಿ ತೆಳ್ಳನೆ ನೈಲಾನ್ ಹಗ್ಗ ಕೂರಿಸಿ, ಸೋಪಿನ ನೀರು ಹಚ್ಚಿ ಚೌಕಟ್ಟಿಗೆ ಒತ್ತಿ ಹಿಡಿಯುವುದು. ಒಳಗಿಂದ ಒಬ್ಬರು ಹಗ್ಗ ಎಳೆಯುತ್ತಾ ಹೋದರೆ ರಬ್ಬರಿನ ತುಟಿ ತಗಡಿನ ಮೇಲೆ ಹತ್ತಿ ಕೂರುತ್ತದೆ. ಅರ್ಧ ತಾಸಿನ ಕೆಲಸ.

ಹಳೆ ಅಂಟು: ಇಲ್ಲಿ ನಿಧಾನ

ಚೌಕಟ್ಟಿನ ಸುತ್ತ ಕಪ್ಪು ಪಿಯು ಉಳಿದಿರುತ್ತದೆ, ಅದರಲ್ಲಿ ಗಾಜಿನ ಹಳಕು. ಎಲ್ಲರಿಗೂ ಬರುವ ಮೊದಲ ಆಸೆ, ತಗಡು ಹೊಳೆಯುವವರೆಗೆ ಕೆರೆದುಬಿಡೋಣ ಅಂತ. ನನಗೂ ಬಂತು. ಒಂದು ಗೇಣು ಕೆರೆದೂ ಆಗಿತ್ತು. ಕಾಕಾ ನೋಡಿ ಬೈದರು.

ಹಳೆ ಪಿಯು ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು ಪೂರ್ತಿ ತೆಗೆಯಬಾರದು. 1ರಿಂದ 2 ಮಿ.ಮೀ. ದಪ್ಪದ ಪದರ ಬಿಟ್ಟು ಮೇಲಿನದಷ್ಟನ್ನೇ ಸೀಳಬೇಕು. ಹೊಸದಾಗಿ ಸೀಳಿದ ಪಿಯು ಮೇಲೆ ಹೊಸ ಪಿಯು ಹಿಡಿಯುವಷ್ಟು ಚೆನ್ನಾಗಿ ಬೇರೆ ಯಾವುದರ ಮೇಲೂ ಹಿಡಿಯುವುದಿಲ್ಲ. ಫ್ಯಾಕ್ಟರಿ ಪೇಂಟ್ ಮೇಲೆ ಅದು ಆಗಲೇ ಕಚ್ಚಿ ಕೂತಿದೆ. ಆ ಹಿಡಿತವನ್ನು ಕಿತ್ತು ಹಾಕಿ ನಾವೇನು ಅದಕ್ಕಿಂತ ಒಳ್ಳೆಯದು ಮಾಡುತ್ತೇವೆ?

ಹೊಸ ಬ್ಲೇಡ್ ಹಾಕಿ, ತಗಡಿಗೆ ಸಮವಾಗಿ ಮಲಗಿಸಿ, ಉದ್ದುದ್ದ ಸೀಳಿ. ಮಾವಿನಕಾಯಿ ಹೆಚ್ಚಿದ ಹಾಗೆ ಕಚಕಚ ಬೇಡ. ಗಾಜು ತಾಗಿ ಬ್ಲೇಡ್ ಬೇಗ ಮೊಂಡಾಗುತ್ತದೆ, ಬದಲಾಯಿಸುತ್ತಾ ಹೋಗಿ. ಗಾಜಿನ ಹಳಕು ಒಂದೂ ಉಳಿಯಬಾರದು. ಹೊಸ ಗ್ಲಾಸಿನ ಅಂಚಿಗೆ ಅದು ತಾಗಿದರೆ ಮುಂದೊಂದು ದಿನ ಮಧ್ಯಾಹ್ನದ ಬಿಸಿಲಿಗೆ ತಾನಾಗಿ ಸಿಡಿಯುತ್ತದೆ. ಸೀಳಿದ ಮೇಲೆ ವ್ಯಾಕ್ಯೂಮ್. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಯಾವುದೂ ಹಚ್ಚಬೇಡಿ, ಬೆರಳಿನಿಂದ ಮುಟ್ಟಲೂ ಬೇಡಿ. ಕೈಯ ಬೆವರಿನ ಜಿಡ್ಡು ಸಾಕು ಅಂಟು ಬಿಡಲು.

ತಗಡು ಕಂಡ ಜಾಗಕ್ಕೆ ಪ್ರೈಮರ್ ಬೇಕೇ ಬೇಕು. ನಾನು ಕೆರೆದ ಗೇಣಿಗೂ ಹಚ್ಚಬೇಕಾಯಿತು. ತುಕ್ಕು ಇದ್ದರೆ ಆ ದಿನದ ಗ್ಲಾಸ್ ಕೆಲಸ ನಿಲ್ಲಿಸಿ. ಪೂರ್ತಿ ಉಜ್ಜಿ, ಎಪಾಕ್ಸಿ ಪ್ರೈಮರ್ ಹೊಡೆದು, ಪೇಂಟ್ ಹಚ್ಚಿ, ಚೆನ್ನಾಗಿ ಒಣಗಲು ಬಿಡಿ. ತುಕ್ಕಿನ ಮೇಲೆ ಹಚ್ಚಿದ ಅಂಟು ತುಕ್ಕಿನ ಜೊತೆಗೇ ಎದ್ದು ಬರುತ್ತದೆ. ಇದು ಮಂಗಳೂರಲ್ಲ, ಇಲ್ಲಿ ತುಕ್ಕು ಕಡಿಮೆ ಅಂತ ನಾವು ಮೈಮರೆಯುತ್ತೇವೆ. ಗಾಡಿ ತೊಳೆದ ನೀರು ಕೆಳಮೂಲೆಗಳಲ್ಲಿ ನಿಂತು ತನ್ನ ಕೆಲಸ ಮಾಡಿರುತ್ತದೆ.

ಒಣ ಅಳತೆ

ಅಂಟು ಹಚ್ಚುವ ಮೊದಲು ಗ್ಲಾಸನ್ನು ಒಮ್ಮೆ ಸುಮ್ನೆ ಇಟ್ಟು ನೋಡಿ. ಡಿಕ್ಕಿ ಮುಚ್ಚಿ, ಇಬ್ಬರು ಸಕ್ಷನ್ ಕಪ್ ಹಿಡಿದು ಎತ್ತಿ. ಕೆಳಗೆ ಕೂರುವ ರಬ್ಬರ್ ಗುಬ್ಬಿಗಳು ಇದ್ದ ಜಾಗದಲ್ಲೇ ಇರಲಿ. ಎಡ ಬಲ ಸಂದು ಒಂದೇ ಸಮ ಬರಬೇಕು. ವೈಪರ್ ತೂತಿನ ನಡುವೆ ಮೋಟರಿನ ಕಡ್ಡಿ ಬರಬೇಕು. ಸರಿ ಬಂದಾಗ ಗ್ಲಾಸಿನಿಂದ ಬಾಡಿಗೆ ನಾಲ್ಕು ಕಡೆ ಮಾಸ್ಕಿಂಗ್ ಟೇಪ್ ಹಚ್ಚಿ, ಸಂದಿನ ಮೇಲೆ ಬ್ಲೇಡಿನಿಂದ ಮೆಲ್ಲಗೆ ಕೊಯ್ಯಿರಿ. ಅರ್ಧ ಟೇಪ್ ಗ್ಲಾಸಿನ ಮೇಲೆ, ಅರ್ಧ ಬಾಡಿ ಮೇಲೆ. ಆಮೇಲೆ ಅಂಟಿನ ಜೊತೆ ಕೂರಿಸುವಾಗ ಟೇಪಿಗೆ ಟೇಪ್ ಕೂಡಿಸಿದರೆ ಮುಗಿಯಿತು. ಅಂಟು ಮೆತ್ತಿದ ಗ್ಲಾಸನ್ನು ಆ ಕಡೆ ಈ ಕಡೆ ಸರಿಸುವ ಪರದಾಟ ಇಲ್ಲ.

ಕೂರಿಸುವ ಬೆಳಗು

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ದೊಡ್ಡ ಸುದ್ದಿಯಲ್ಲ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯ ತಗಡು ಮುಟ್ಟಲು ಆಗುವುದಿಲ್ಲ. ಅಷ್ಟು ಕಾದ ಮೇಲೆ ಅಂಟು ಹಚ್ಚಿದರೆ ಗ್ಲಾಸ್ ತರುವಷ್ಟರಲ್ಲಿ ಹಾಲಿನ ಹಾಗೆ ಕೆನೆ ಕಟ್ಟಿರುತ್ತದೆ. ಕೆನೆ ಕಟ್ಟಿದ ಅಂಟು ಅಂಟುವುದಿಲ್ಲ. ಹಾಗಾಗಿ ಬೆಳಗ್ಗೆ ಆರಕ್ಕೆ, ಬೇವಿನ ಮರದ ನೆರಳಿನಲ್ಲಿ ಶುರು ಮಾಡಿದೆವು. ಗಾಳಿ ಎದ್ದರೆ ಎರೆಮಣ್ಣಿನ ಧೂಳು ಹಾರುತ್ತದೆ, ಅದಕ್ಕೂ ಬೆಳಗೇ ಒಳ್ಳೆಯದು. ನೆಲಕ್ಕೆ ನೀರು ಚಿಮುಕಿಸಿದೆವು. ಧೂಳೂ ಅಡಗುತ್ತದೆ, ಗಾಳಿಗೆ ಒಂದಿಷ್ಟು ತೇವವೂ ಬರುತ್ತದೆ. ಈ ತೇವದ ಮಾತಿಗೆ ಆಮೇಲೆ ಬರುತ್ತೇನೆ.

ಗ್ಲಾಸನ್ನು ಹಾಸಿಗೆಯ ಮೇಲೆ ಒಳಮೈ ಮೇಲೆ ಮಾಡಿ ಇಡಿ. ಸುತ್ತಲೂ ಕಪ್ಪು ಪಟ್ಟಿ ಇರುತ್ತದಲ್ಲ, ಅದು ಅಂದಕ್ಕೆ ಇರುವುದಲ್ಲ. ಬಿಸಿಲಿನ ಕಿರಣ ಪಿಯು ಅನ್ನು ತಿಂದು ಹಾಕುತ್ತದೆ. ಅದನ್ನು ತಡೆಯಲು ಬೆಂಕಿಯಲ್ಲಿ ಸುಟ್ಟು ಕೂರಿಸಿದ ಬಣ್ಣ ಅದು. ಅಂಟು ಆ ಪಟ್ಟಿಯ ಮೇಲೆಯೇ ಬರಬೇಕು. ಆಲ್ಕೋಹಾಲಿನಿಂದ ಒಂದೇ ದಿಕ್ಕಿಗೆ ಒರೆಸಿ, ತಕ್ಷಣ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ. ಪ್ರೈಮರ್ ಬಾಟಲಿಯೊಳಗೆ ಗುಂಡು ಇರುತ್ತದೆ. ಅದು ಟಕಟಕ ಅನ್ನುವ ಹಾಗೆ ಒಂದು ನಿಮಿಷ ಅಲ್ಲಾಡಿಸಿ. ತೆಳ್ಳಗೆ, ಒಂದೇ ಸಲ, ಬೆರಳಿನಗಲ. ಹಚ್ಚಿದ ಕಡೆ ಮತ್ತೆ ತೀಡಬೇಡಿ. ಎಷ್ಟು ಹೊತ್ತು ಒಣಗಬೇಕು ಅಂತ ಬಾಟಲಿ ಮೇಲೆ ಇರುತ್ತದೆ, ಅಷ್ಟು ಕಾಯಿರಿ.

ಗನ್ನಿನ ಮೂತಿಯನ್ನು ವಿ ಆಕಾರಕ್ಕೆ ಕತ್ತರಿಸಿ, ಮೇಲೆ ಹೇಳಿದ ಅಳತೆಗೆ. ಗನ್ ನೆಟ್ಟಗೆ ಹಿಡಿಯಿರಿ. ಕೆಳಗಿನ ಬದಿಯ ನಡುವೆ ಶುರು ಮಾಡಿ, ಮೂಲೆಯಲ್ಲಿ ಶುರು ಮಾಡಬೇಡಿ. ಜಿಲೇಬಿ ಬಿಡುವವರ ಕೈ ನೋಡಿದ್ದೀರಲ್ಲ, ಅದೇ ಓಟ. ನಿಲ್ಲಬಾರದು, ನಡುಗಬಾರದು. ಕೈ ಕೂರಲು ಮೊದಲು ಹಳೆ ರಟ್ಟಿನ ಮೇಲೆ ಒಂದು ಮೊಳ ಬಿಟ್ಟು ನೋಡಿ. ಗೆರೆ ಸುತ್ತಿ ಬಂದು ಶುರುವಾದ ಕಡೆ ಸೇರುವಾಗ ಒಂದಿಷ್ಟು ಮೇಲೇರಿಸಿ, ಸ್ಪ್ಯಾಚುಲಾದಿಂದ ಒತ್ತಿ ಒಂದಾಗಿಸಿ. ಸೋರುವ ಗ್ಲಾಸುಗಳು ಹೆಚ್ಚಾಗಿ ಈ ಕೂಡುವ ಜಾಗದಲ್ಲೇ ಸೋರುತ್ತವೆ.

ಈಗ ತಡ ಬೇಡ. ಇಬ್ಬರೂ ಎತ್ತಿ, ಕೆಳಗಿನ ಗುಬ್ಬಿಗಳ ಮೇಲೆ ಕೂರಿಸಿ, ಟೇಪಿಗೆ ಟೇಪ್ ನೋಡಿ, ಮೇಲಕ್ಕೆ ಒರಗಿಸಿ. ಅಂಗೈಯಿಂದ ಸುತ್ತಲೂ ಸಮವಾಗಿ ಒತ್ತಿ, ಗುದ್ದಬೇಡಿ. ಅಂಟು ಅರ್ಧಕ್ಕೆ ಕುಗ್ಗಿ 5, 6 ಮಿ.ಮೀ.ಗೆ ಬರಬೇಕು. ಪೂರ್ತಿ ಹಿಂಡಿಬಿಟ್ಟರೆ ಗಾಜು ತಗಡಿಗೆ ತಾಗುತ್ತದೆ. ಡಿಕ್ಕಿಯ ಗ್ಲಾಸ್ ನಿಂತ ಗ್ಲಾಸ್, ತನ್ನ ಭಾರಕ್ಕೆ ಜಾರುತ್ತದೆ. ಗ್ಲಾಸಿನಿಂದ ಛಾವಣಿಗೆ ಐದಾರು ಟೇಪ್ ಬಿಗಿಯಿರಿ. ಹೊರಗೆ ಉಕ್ಕಿದ ಅಂಟನ್ನು ಒಣಬಟ್ಟೆಯಿಂದ ತೆಗೆಯಿರಿ. ಕೈಗೆ ಮೆತ್ತಿದರೆ ಮೂರ್ನಾಲ್ಕು ದಿನ ಕಪ್ಪು ಬೆರಳು ಹೊತ್ತು ತಿರುಗಬೇಕು. ಮದುವೆ ಇತ್ತು ನಮಗೆ ಆ ವಾರ.

ಕಾಯುವುದು

ಪಿಯು ಒಣಗುವುದು ಬಿಸಿಲಿಗಲ್ಲ, ಗಾಳಿಯಲ್ಲಿರುವ ತೇವಕ್ಕೆ. ಹೊರಗಿಂದ ಒಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. 23 ಡಿಗ್ರಿ, 50 ಪರ್ಸೆಂಟ್ ತೇವ ಇದ್ದರೆ ಇಂಥ ಅಂಟು ದಿನಕ್ಕೆ ಸುಮಾರು 3ರಿಂದ 4 ಮಿ.ಮೀ. ಗಟ್ಟಿಯಾಗುತ್ತದೆ. ಕಲಬುರಗಿಯ ಬೇಸಿಗೆ ಗಾಳಿ ಒಣ ಗಾಳಿ. ಹೊರಗೆ ಮುಟ್ಟಿದರೆ ಗಟ್ಟಿ, ಒಳಗೆ ಇನ್ನೂ ಹಸಿ. "ಇಷ್ಟು ಬಿಸಿಲು, ಬೇಗ ಒಣಗ್ತದ" ಅನ್ನುವುದು ತಪ್ಪು ಲೆಕ್ಕ. ಪ್ಯಾಕೆಟ್ ಮೇಲೆ ಬರೆದ ಸಮಯಕ್ಕಿಂತ ಜಾಸ್ತಿಯೇ ಕೊಡಿ. ನಾವು ಮಾರನೇ ದಿನ ಬೆಳಗಿನವರೆಗೆ ಗಾಡಿ ಅಲುಗಾಡಿಸಲಿಲ್ಲ.

ಅಷ್ಟೂ ಹೊತ್ತು ಪಕ್ಕದ ಒಂದು ಕಿಟಕಿ ಎರಡು ಬೆರಳು ಇಳಿದಿರಲಿ. ಎಲ್ಲ ಮುಚ್ಚಿದ ಗಾಡಿಯ ಬಾಗಿಲು ಬಡಿದರೆ ಒಳಗಿನ ಗಾಳಿ ಹೊಸ ಗ್ಲಾಸನ್ನು ಹೊರಕ್ಕೆ ತಳ್ಳುತ್ತದೆ. ನಮ್ಮ ಮನೆಯಲ್ಲಿ ಮಕ್ಕಳು ಬಾಗಿಲು ಬಡಿಯುವುದರಲ್ಲಿ ನಿಪುಣರು. ಕೀಲಿ ನನ್ನ ಜೇಬಿನಲ್ಲೇ ಇತ್ತು. ಪ್ರೆಶರ್ ವಾಷಿಂಗ್ ಒಂದು ವಾರ ಬೇಡ.

ನೀರು, ಕರೆಂಟು, ಆಮೇಲೆ ಪ್ಯಾನೆಲ್

ಎಲ್ಲ ಜೋಡಿಸಿ ಆಮೇಲೆ ನೀರು ಹಾಕುವವರೇ ಜಾಸ್ತಿ. ಉಲ್ಟಾ ಮಾಡಿ. ಒಳ ಪ್ಯಾನೆಲ್ ಹಾಕುವ ಮೊದಲೇ ಪರೀಕ್ಷೆ ಆಗಲಿ, ಸೋರಿದರೆ ಎಲ್ಲಿಂದ ಅಂತ ಕಣ್ಣಿಗೆ ಕಾಣುತ್ತದೆ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಇನ್ನೊಬ್ಬರು ಸಾದಾ ಪೈಪಿನಿಂದ ಒತ್ತಡ ಇಲ್ಲದೆ ಕೆಳಗಿನ ಅಂಚಿನಿಂದ ಶುರು ಮಾಡಿ ನಿಧಾನಕ್ಕೆ ಮೇಲಕ್ಕೆ ಬರಲಿ. ಮೇಲಿಂದ ಸುರಿದರೆ ನೀರು ಎಲ್ಲಿಂದ ನುಗ್ಗಿತು ಅಂತ ತಿಳಿಯುವುದಿಲ್ಲ. ನೀರಿನ ಬದಲು ಸೋಪಿನ ನೊರೆಯೂ ನಡೆಯುತ್ತದೆ. ಹೊರಗೆ ನೊರೆ ಹಚ್ಚಿ, ಒಳಗಿಂದ ಗಾಳಿ ಊದಿದರೆ ಸಂದಿದ್ದ ಕಡೆ ಗುಳ್ಳೆ ಏಳುತ್ತದೆ.

ನಮ್ಮ ಕಡೆ ಇನ್ನೊಂದು ಪರೀಕ್ಷೆ ಪುಕ್ಕಟೆ ಸಿಗುತ್ತದೆ. ಹೊಲದ ದಾರಿಯಲ್ಲಿ ಅರ್ಧ ತಾಸು ಓಡಿಸಿ ಬನ್ನಿ. ಎಲ್ಲಿ ಸಂದಿದೆಯೋ ಅಲ್ಲಿ ಒಳಗಡೆ ಧೂಳಿನ ಗೆರೆ ಮೂಡಿರುತ್ತದೆ.

ಬ್ಯಾಟರಿ ಕೂಡಿಸಿ ಡಿಫಾಗರ್ ಹಾಕಿ ನೋಡಿ. ಗ್ಲಾಸಿಗೆ ಬಾಯಿಯ ಹಬೆ ಊದಿದರೆ ಗೆರೆಗಳ ಮೇಲೆ ಮೊದಲು ಮಂಜು ಕರಗಬೇಕು. ಒಂದು ಗೆರೆ ಮಾತ್ರ ಕೆಲಸ ಮಾಡದಿದ್ದರೆ ಮಲ್ಟಿಮೀಟರಿನ ಕಪ್ಪು ಮುಳ್ಳು ಬಾಡಿಗೆ, ಕೆಂಪು ಮುಳ್ಳು ಆ ಗೆರೆಗೆ. ಗೆರೆಗುಂಟ ಸರಿಸಿದಾಗ ವೋಲ್ಟೇಜ್ ನಿಧಾನಕ್ಕೆ ಇಳಿಯಬೇಕು. ಒಂದೇ ಸಲ 12ರಿಂದ ಸೊನ್ನೆಗೆ ಬಿದ್ದರೆ ಅಲ್ಲೇ ತುಂಡು. ಕರೆಂಟು ಹರಿಯುವ ಬೆಳ್ಳಿ ಪೇಂಟ್ ಒಂದು ಹನಿ ಸಾಕು. ಗ್ಲಾಸಿನಲ್ಲೇ ಆಂಟೆನಾ ಇದ್ದರೆ ಆಕಾಶವಾಣಿ ಕಲಬುರಗಿ ಹಚ್ಚಿ, ಕರಕರ ಇಲ್ಲದೆ ಬರುತ್ತದಾ ನೋಡಿ. ಒಳಮೈ ಒರೆಸಲು ಎಂದೂ ಬ್ಲೇಡ್ ಬಳಸಬೇಡಿ, ಗೆರೆ ಹೋಗುತ್ತದೆ.

ವೈಪರ್ ಕೊನೆಗೆ. ಮೋಟರನ್ನು ಒಮ್ಮೆ ಓಡಿಸಿ ನಿಲ್ಲಿಸಿ, ಅದು ತನ್ನ ಜಾಗಕ್ಕೆ ಬಂದ ಮೇಲೆ ಆರ್ಮ್ ಕೂರಿಸಿ. ಕಡ್ಡಿಯ ಸುತ್ತ ರಬ್ಬರ್ ಬಳೆ ಸರಿಯಾಗಿ ಕೂತಿರಲಿ, ಲೋಹ ಗಾಜನ್ನು ಮುಟ್ಟಬಾರದು. ನಟ್ ಬಿಗಿಯುವಾಗ ಕೈ ಹಗುರ. ಇಲ್ಲಿ ಜೋರು ತೋರಿಸಿ ಹೊಸ ಗ್ಲಾಸ್ ಒಡೆದುಕೊಂಡವರ ಕತೆ ಕಾಕಾ ಹತ್ತಿರ ನಾಲ್ಕಿವೆ.

ಹೊಸ ಗ್ಲಾಸಿಗೆ ಕಪ್ಪು ಫಿಲ್ಮ್ ಹಚ್ಚಲಾ ಅಂತ ತಮ್ಮ ಕೇಳಿದ. 1989ರ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಮುಂದಿನ, ಹಿಂದಿನ ಗ್ಲಾಸಿನಲ್ಲಿ ಕನಿಷ್ಠ 70 ಪರ್ಸೆಂಟ್ ಬೆಳಕು ಹಾಯಬೇಕು, ಪಕ್ಕದ್ದರಲ್ಲಿ 50. 2012ರಲ್ಲಿ ಸುಪ್ರೀಂ ಕೋರ್ಟ್ ಅಂಗಡಿ ಫಿಲ್ಮಿಗೆ ತಡೆ ಹಾಕಿತು. ಬಿಸಿಲಿಗೆ ಹಿಂದಿನ ಸೀಟಿನವರು ಬೇಯುತ್ತಾರೆ ನಿಜ, ಪರದೆ ಇದೆಯಲ್ಲ, ನಿಲ್ಲಿಸಿದಾಗ ಹಾಕಿಕೊಳ್ಳಲಿ ಅಂದೆ.

ಜೂನ್ ಮೊದಲ ಜೋರು ಮಳೆಗೆ ಡಿಕ್ಕಿಯ ಕಾರ್ಪೆಟ್ ಒಂದು ಮೂಲೆ ಒದ್ದೆಯಾಗಿತ್ತು. ಎದೆ ಧಸಕ್ಕೆಂದಿತು. ಪ್ಯಾನೆಲ್ ಮತ್ತೆ ಬಿಚ್ಚಿ, ತಮ್ಮನನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ಕೆಳಗಿಂದ ಮೇಲಕ್ಕೆ ನೀರು ಬಿಟ್ಟೆ. ಗ್ಲಾಸಿನ ಸುತ್ತ ಒಂದು ಹನಿ ಇಲ್ಲ. ಪೈಪು ಮೇಲಿನ ಬ್ರೇಕ್ ಲೈಟಿಗೆ ಬಂದಾಗ ಒಳಗಿಂದ ಕೂಗಿದ, "ಅಣ್ಣಾ, ಬರ್ಲತ್ತದ ನೋಡು!" ಜೋಡಿಸುವಾಗ ಲೈಟಿನ ಗ್ಯಾಸ್ಕೆಟ್ ಮಡಚಿ ಕೂತಿತ್ತು. ಎರಡು ಸ್ಕ್ರೂ ಬಿಚ್ಚಿ, ಅದನ್ನು ನೆಟ್ಟಗೆ ಮಾಡಿ, ಮತ್ತೆ ಬಿಗಿದೆವು. ಹತ್ತು ನಿಮಿಷ.